ಪಗ್ ನಾಯಿಯ ಉಸಿರು



ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವಣ ತೆರಕಣಾಂಬಿಯಂಥ ಊರಿನಲ್ಲಿ, ಬೇಸಗೆಯ ಮಧ್ಯಾಹ್ನ, ಬೀದಿಯ ನಾಯಿ ಮರದ ನೆರಳಿನಲ್ಲಿ ನಾಲಗೆ ಚಾಚಿ ಏದುತ್ತಿರುವುದನ್ನು ಯಾರು ಕಂಡಿಲ್ಲ? ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲವಿಲ್ಲ. ಮೂಗುಬಾಯಿಗಳ ಒಳಗಿನ ತೇವವು ಆರುವುದರಿಂದಲೇ ಅದರ ದೇಹವು ತಂಪಾಗಬೇಕು. ನೀಳವಾದ ಮೂತಿ ಅದಕ್ಕೆ ಬರಿಯ ಅಂದಕ್ಕಾಗಿ ಬಂದುದಲ್ಲ.

ಇನ್ನು ಮೈಸೂರು, ಬೆಂಗಳೂರುಗಳ ಮನೆಗಳಲ್ಲಿ ಮುದ್ದಿನಿಂದ ಬೆಳೆಯುವ ಪಗ್ ಎಂಬ ಪುಟ್ಟ ನಾಯಿಯನ್ನು ನೋಡಿರಿ. ಇದರ ಮುಖದ ಮೂಳೆ ಕುಗ್ಗಿದೆ. ಒಳಗಿನ ಮಾಂಸವು ಅದೇ ಪ್ರಮಾಣದಲ್ಲಿ ಕುಗ್ಗಿಲ್ಲ. ಆದುದರಿಂದ ಮೂಗಿನ ಹೊಳ್ಳೆಗಳು ಇಕ್ಕಟ್ಟಾಗಿ, ಮೃದುವಾದ ಅಂಗುಳು ಉಸಿರಿನ ದಾರಿಗೆ ಅಡ್ಡಬೀಳುವುದುಂಟು. ನಾವು ಕೇಳಿ ನಗುವ ಆ ಗೊರಕೆಯು ಉಸಿರಿಗಾಗಿ ನಡೆಯುವ ಹೋರಾಟದ ಸದ್ದು. ಸೆಕೆಯಲ್ಲಿ ಏದಿದಷ್ಟೂ ಗಂಟಲು ಊದಿಕೊಂಡು, ಕೊನೆಗೆ ಪ್ರಾಣಕ್ಕೇ ಸಂಚಕಾರ ಬರಬಹುದು. ಹೊರಚಾಚಿದ ಕಣ್ಣುಗಳಲ್ಲಿ ಹುಣ್ಣು, ಮುಖದ ಮಡಿಕೆಗಳಲ್ಲಿ ಚರ್ಮರೋಗ, ಸುರುಳಿಬಾಲದೊಡನೆ ಬರುವ ಬೆನ್ನೆಲುಬಿನ ವಿಕಾರ, ಇವೂ ಈ ತಳಿಯ ಪಿತ್ರಾರ್ಜಿತಗಳೇ.

ಇದು ವಿಧಿಯ ಬರಹವೆ? ಅಲ್ಲ. ಆಂಗ್ಲ ಚಿತ್ರಕಾರನಾದ ಹೊಗಾರ್ತನು ೧೭೪೫ರಲ್ಲಿ ತನ್ನ ಪಗ್ ನಾಯಿಯೊಡನೆ ತನ್ನನ್ನು ಚಿತ್ರಿಸಿಕೊಂಡನು. ಆ ನಾಯಿಯ ಮೂತಿ ಈಗಿನದಕ್ಕಿಂತ ಸ್ಪಷ್ಟವಾಗಿ ಉದ್ದ. ಚಪ್ಪಟೆ ಮುಖದವುಗಳನ್ನೇ ತಲೆಮಾರುಗಟ್ಟಲೆ ಆಯ್ದು ಕೂಡಿಸಿದುದರ ಫಲವೇ ಇಂದಿನ ಮುಖ. ನಮ್ಮ ದೇಶದಲ್ಲಿ ೨೦೦೩ರ ಹಚ್ ದೂರವಾಣಿಯ ಜಾಹೀರಾತಿನಲ್ಲಿ ಬಾಲಕನನ್ನು ಹಿಂಬಾಲಿಸಿದ ಪಗ್ ಮನೆಮಾತಾಯಿತು. ಮರಿಗಳಿಗೆ ಬೇಡಿಕೆ ಏರಿತು. ಬೇಡಿಕೆ ಏರಿದಲ್ಲಿ ರಕ್ತಸಂಬಂಧದವುಗಳನ್ನೇ ಕೂಡಿಸುವ ಆಸೆಯೂ ಏರುತ್ತದೆ. ಆಗ ತಂದೆಯಲ್ಲಿಯೂ ತಾಯಿಯಲ್ಲಿಯೂ ಅಡಗಿದ್ದ ಒಂದೇ ದೋಷವು ಮರಿಯಲ್ಲಿ ಪ್ರಕಟವಾಗುವ ಸಂಭವ ಹೆಚ್ಚು.

ಈಗಾಗಲೇ ಮನೆಯಲ್ಲಿರುವ ಪಗ್ಗನ್ನು ಕೊಬ್ಬಲು ಬಿಡಬಾರದು; ತಂಪುಹೊತ್ತಿನಲ್ಲಿ ಮಾತ್ರ ತಿರುಗಾಡಿಸಬೇಕು; ಕೊರಳಪಟ್ಟಿಗೆ ಬದಲಾಗಿ ಎದೆಪಟ್ಟಿ ಕಟ್ಟಬೇಕು. ಪಶುವೈದ್ಯರು ಶಸ್ತ್ರಚಿಕಿತ್ಸೆಯಿಂದ ಹೊಳ್ಳೆಯನ್ನು ಹಿಗ್ಗಿಸಿ, ಅಂಗುಳನ್ನು ಮೊಟಕುಗೊಳಿಸಬಲ್ಲರು. ಆದರೆ ಆ ಕತ್ತರಿಯ ಗುಣ ಮರಿಗಳಿಗೆ ಇಳಿಯದು. ದೋಷ ಮಾತ್ರ ಇಳಿಯುತ್ತದೆ.

ಕೇಂದ್ರ ಸರ್ಕಾರದ ೨೦೧೭ರ ನಿಯಮಗಳಂತೆ ನಾಯಿಮರಿ ಮಾಡಿಸಿ ಮಾರುವವರು ನೋಂದಣಿ ಪಡೆದಿರಬೇಕು. ೮ ವಾರ ತುಂಬದ ಮರಿಯನ್ನು ಮಾರಕೂಡದು. ಕೊಳ್ಳುವವರು ನೋಂದಣಿಪತ್ರವನ್ನು ಕೇಳಿದರೆ ಸಾಲದು. ಮರಿಯ ತಾಯಿತಂದೆಗಳನ್ನು ತೋರಿಸೆಂದು ಕೇಳಿ, ಅವು ನಾಲ್ಕು ಹೆಜ್ಜೆ ಓಡಿದ ಮೇಲೆ ಅವುಗಳ ಉಸಿರಿಗೆ ಕಿವಿಗೊಡಬೇಕು. ಅದು ಗೊರಗುಟ್ಟಿದರೆ, ಮರಿ ಎಷ್ಟೇ ಮುದ್ದಾಗಿದ್ದರೂ ಬರಿಗೈಯಲ್ಲಿ ಹಿಂದಿರುಗುವುದೇ ಮುಂದಿನ ಮರಿಗಳಿಗೆ ನಾವು ಮಾಡುವ ಉಪಕಾರ.