ಎಷ್ಟು ಎಲೆ?

ಮನಸ್ಸು ಭಾರ ಆದಾಗ ಸುಮ್ನೆ ಹೋಗಿ ಕೂರೋಕೆ
ನಿಮ್ಮ ಕ್ಯಾಂಪಸ್‌ನಲ್ಲಿ ಒಂದು ಜಾಗ ಇದೆಯಾ?
ಇಲ್ವಾ?
ಅದನ್ನ ಮಾಡೋಕೆ ಯೂನಿವರ್ಸಿಟಿನೇ ದುಡ್ಡು ಕೊಟ್ರೆ?

ಕೆನಡಾದ ಯುಬಿಸಿ,
ಅಂದ್ರೆ ಯೂನಿವರ್ಸಿಟಿ ಆಫ್ ಬ್ರಿಟಿಷ್ ಕೊಲಂಬಿಯಾದಲ್ಲಿ
ವೆಲ್‌ಬೀಯಿಂಗ್ ಯೋಜನೆಗಳಿಗೆ ಅಂತಾನೇ ಅನುದಾನ ಕೊಟ್ಟಿದ್ದಾರೆ.

ಇದರ ಬೇರು ವಿಶ್ವವಿದ್ಯಾಲಯಗಳಲ್ಲಿ ಆರೋಗ್ಯದ ಬಗ್ಗೆ 2015ರಲ್ಲಿ ಬಂದ
ಒಕನಾಗನ್ ಚಾರ್ಟರ್‌ನಲ್ಲಿದೆ. ಅದು ಹೇಳೋದು ಇಷ್ಟು:
ಆರೋಗ್ಯ ಅಂದ್ರೆ ಕ್ಲಿನಿಕ್ ಒಂದೇ ಅಲ್ಲ.
ಪಾಠ, ಊಟ, ಹಾಸ್ಟೆಲ್, ಆಡಳಿತ,
ಎಲ್ಲದರಲ್ಲೂ ಅದು ಬೆರೆತಿರಬೇಕು.
ನನಗೆ ತುಂಬಾ ಹಿಡಿಸಿದ ಮಾತು ಇದು.

ಸರಿ, ಇಂಥ ಅನುದಾನಕ್ಕೆ ಅರ್ಜಿ ಬರೆಯೋದು ಹೇಗೆ?

ಮದುವೆ ಅಡುಗೆ ಭಟ್ಟರನ್ನ ನೆನಪಿಸ್ಕೊಳ್ಳಿ.
"ಊಟ ಚೆನ್ನಾಗಿರ್ಬೇಕು" ಅಂದ್ರೆ ಅವರಿಗೆ ಸಾಲದು.
ಮೊದಲ ಪ್ರಶ್ನೆ: ಎಷ್ಟು ಎಲೆ?
ಆಮೇಲೆ ದಿನಸಿ ಪಟ್ಟಿ.

ಅನುದಾನ ಸಮಿತಿನೂ ಹಾಗೇ.
"ವಿದ್ಯಾರ್ಥಿಗಳ ಒತ್ತಡ ಕಡಿಮೆ ಮಾಡ್ತೀವಿ" ಅಂತ ನಿಲ್ಲಿಸ್ಬೇಡಿ.
ಯಾವ ವಿದ್ಯಾರ್ಥಿಗಳು? ಎಷ್ಟು ಜನ?
ಮನೆ ಬಿಟ್ಟು ಬಂದ ಮೊದಲ ವರ್ಷದವರಾ?
ರಾತ್ರಿ ಲ್ಯಾಬಲ್ಲಿ ಒಬ್ಬರೇ ಇರೋ ಸಂಶೋಧಕರಾ?
ಹೋಗಿ ಅವರನ್ನೇ ಕೇಳಿ.
ಅವರು ಹೇಳಿದ್ದನ್ನ ಅರ್ಜಿಗೆ ಹಾಕಿ.
ಅರ್ಜಿಯ ಜೀವ ಅಲ್ಲೇ ಇರೋದು.

ಬಜೆಟ್ಟು? ಪ್ರತಿ ಖರ್ಚಿಗೂ ಕಾರಣ ಬರೀರಿ.
ಜಾಗ ಬೇಕಿದ್ರೆ, ಅದು ಯಾವ ವಿಭಾಗದ್ದೋ ಅವರ ಒಪ್ಪಿಗೆ ಮೊದಲೇ ತಗೊಳ್ಳಿ.

ಇನ್ನೊಂದು.
ನೀವು ಪದವಿ ಮುಗಿಸಿ ಹೊರಟ ಮೇಲೆ
ಈ ಯೋಜನೆನ ಯಾರು ನಡೆಸ್ತಾರೆ?
ಈ ಪ್ರಶ್ನೆಗೆ ಉತ್ತರ ಇರ್ಲೇಬೇಕು.

ನಮ್ಮಲ್ಲೂ ಯುಜಿಸಿ 2023ರಲ್ಲಿ
ವಿದ್ಯಾರ್ಥಿಗಳ ದೈಹಿಕ, ಮಾನಸಿಕ ಕ್ಷೇಮದ ಬಗ್ಗೆ
ಮಾರ್ಗಸೂಚಿ ಹೊರಡಿಸಿದೆ.
ಅದನ್ನ ಕೈಲಿ ಹಿಡ್ಕೊಂಡು
ನಾಳೆ ನಿಮ್ಮ ಪ್ರಿನ್ಸಿಪಾಲರ ಹತ್ರ ಹೋಗಿ.
ಎಷ್ಟು ಎಲೆ ಅಂತ ಅವರು ಕೇಳೋ ಮೊದಲೇ
ನೀವೇ ಹೇಳಿ.