ಹುಬ್ಬಳ್ಳಿಯ ಪರ್ಮಿಟ್ ಪುಣೆಯಲ್ಲಿ ನಡೆಯುತ್ತದೆಯೇ?



ಹುಬ್ಬಳ್ಳಿಯ ಹುಡುಗನೊಬ್ಬ ಎಲೆಕ್ಟ್ರಿಷಿಯನ್ ಕೆಲಸ ಹುಡುಕಿ ಪುಣೆಗೆ ಬಂದನೆನ್ನಿ. ಅವನ ಬಳಿ ಮೂರು ಕಾಗದಗಳಿವೆ. ಹೊಸ ಊರಿನಲ್ಲಿ ಮೂರಕ್ಕೂ ಒಂದೇ ಬೆಲೆ ಇಲ್ಲ.

ಮೊದಲನೆಯದು ಡ್ರೈವಿಂಗ್ ಲೈಸೆನ್ಸ್. ಕೊಟ್ಟದ್ದು ಕರ್ನಾಟಕದ ಆರ್‌ಟಿಓ ಆದರೂ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದು ಇಡೀ ದೇಶಕ್ಕೆ ಸಲ್ಲುತ್ತದೆ. ಎರಡನೆಯದು ಐಟಿಐ ಮುಗಿಸಿ ಪಡೆದ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ. ಅದೂ ಎಲ್ಲೆಡೆ ಮಾನ್ಯ.

ತೊಡಕಿರುವುದು ಮೂರನೆಯದರಲ್ಲಿ, ಅಂದರೆ ವೈರ್‌ಮನ್ ಪರ್ಮಿಟ್‌ನಲ್ಲಿ. ನಿಯಮ ಕೇಂದ್ರದ್ದು, ಪರ್ಮಿಟ್ ರಾಜ್ಯದ್ದು. ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರು, ರಾಜ್ಯ ಸರ್ಕಾರ ಕೊಟ್ಟ ಅಥವಾ ಮಾನ್ಯ ಮಾಡಿದ ಪರ್ಮಿಟ್ ಉಳ್ಳವರಿಂದಲೇ ಮಾಡಿಸಬೇಕು. ಇದು 1956ರ ವಿದ್ಯುತ್ ನಿಯಮಗಳಿಂದಲೂ ಬಂದ ಕಟ್ಟಳೆ.

ಕರೆಂಟಿನೊಂದಿಗೆ ಆಟವಾಡಬಾರದು, ಹಾಗಾಗಿ ಕಟ್ಟಳೆ ಬೇಕು. ಯಾವ ರಾಜ್ಯದಲ್ಲಾದರೂ ದುಡಿಯುವ ಹಕ್ಕು ಕೊಟ್ಟ ಸಂವಿಧಾನದ 19ನೇ ವಿಧಿಯೇ ತಾಂತ್ರಿಕ ಅರ್ಹತೆ ಕೇಳಲೂ ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ಆದರೆ ನಷ್ಟ ಯಾರಿಗೆ? ಹತ್ತು ವರ್ಷ ಪಳಗಿದ ಕೈ ಇಲ್ಲಿ ಹೆಲ್ಪರ್ ಕೂಲಿಗೆ ಇಳಿಯಬೇಕಾಗಬಹುದು. ಪರ್ಮಿಟ್ ಇಲ್ಲದೆ ಮಾಡಿದ ಕೆಲಸದಲ್ಲಿ ಅವಘಡವಾದರೆ ಹೊಣೆಯೂ ತಲೆಗೇ ಬರಬಹುದು.

ದಾರಿ ಇರುವುದು 'ಮಾನ್ಯ ಮಾಡಿದ' ಎಂಬ ಆ ಎರಡು ಪದಗಳಲ್ಲಿ. ಊರಿನ ಪರ್ಮಿಟ್ ನವೀಕರಿಸಿಕೊಂಡು, ಮೂಲ ದಾಖಲೆಗಳೊಂದಿಗೆ ನೀವಿರುವ ರಾಜ್ಯದ ವಿದ್ಯುತ್ ಲೈಸೆನ್ಸ್ ಮಂಡಳಿಯಲ್ಲಿ ವಿಚಾರಿಸಿ. ನೆರೆಹೊರೆಯಲ್ಲಿ ಇಂಥ ಹುಡುಗರಿದ್ದರೆ ಅವರಿಗೂ ಈ ಮಾತು ಮುಟ್ಟಿಸಿ!