ರಾಮನವಮಿಯ ಚಿಕ್ಕ ಕಛೇರಿಗಳು

ಯುಗಾದಿಯ ಬೇವುಬೆಲ್ಲವಾದ ಎಂಟು ದಿನಕ್ಕೆ ಶ್ರೀರಾಮನವಮಿ. ಪಾನಕ ಕೋಸಂಬರಿಗಳ ಈ ಹಬ್ಬವು ನಮ್ಮ ನಾಡಿನಲ್ಲಿ ಸಂಗೀತದ ಹಬ್ಬವೂ ಆಗಿರುವುದು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ರಾಮಸೇವಾ ಮಂಡಳಿಯ ಉತ್ಸವದ ಕೀರ್ತಿಯನ್ನು ವಾಚಕರು ಬಲ್ಲರು; ಅದಕ್ಕೆ ನಮ್ಮ ಶಿಫಾರಸು ಬೇಕಿಲ್ಲ. ಈ ಸಲ ನಾವು ಹೇಳಹೊರಟಿರುವುದು ಬಡಾವಣೆಯ ಭಜನಮಂದಿರದಲ್ಲಿ, ದೇವರ ಮುಂದಣ ಹಜಾರದಲ್ಲಿ, ಗಾಯಕರಿಂದ ಹತ್ತು ಮೊಳದೊಳಗೆ ಕುಳಿತು ಕೇಳಬಹುದಾದ ಕಛೇರಿಗಳ ವಿಚಾರವನ್ನು.

ಇಂತಹ ಸ್ಥಳಗಳಿಗೆ ಹಿರಿದಾದ ವಂಶಾವಳಿಯುಂಟು. ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರವು ಅರಮನೆಯ ವಿದ್ವಾಂಸರಾಗಿದ್ದ ಬಿಡಾರಂ ಕೃಷ್ಣಪ್ಪನವರ (1866–1931) ಶ್ರದ್ಧೆಯ ಫಲ. ಕಛೇರಿಗಳಲ್ಲಿ ದೇವರನಾಮಗಳಿಗೆ ಗೌರವದ ಸ್ಥಾನವನ್ನು ಕೊಡಿಸಿದವರಲ್ಲಿ ಅವರು ಪ್ರಮುಖರು. ಸಂಗೀತದಿಂದ ಬಂದುದನ್ನು ರಾಮನಿಗೂ ಸಂಗೀತಕ್ಕೂ ಒಂದೇ ಮನೆಯಾಗುವಂತೆ ವಿನಿಯೋಗಿಸಿದ ಆ ಮನಸ್ಸು ಎಷ್ಟು ದೊಡ್ಡದು!

ಅವರ ಗುರುಕುಲದಲ್ಲಿ ಬೆಳೆದವರೇ ಪಿಟೀಲು ಚೌಡಯ್ಯನವರು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿಗೆ ಪಿಟೀಲಿನ ನಾದವು ಮುಟ್ಟುತ್ತಿರಲಿಲ್ಲ. ಅದಕ್ಕಾಗಿ ಅವರು ನಾಲ್ಕು ತಂತಿಗಳಿಗೆ ಇನ್ನು ಮೂರನ್ನು ಕೂಡಿಸಿ ಏಳು ತಂತಿಯ ವಾದ್ಯವನ್ನು ನುಡಿಸತೊಡಗಿದರು. 1967ರಲ್ಲಿ ಅವರು ಕಾಲವಾದರು. ಅವರ ಸ್ಮರಣೆಗೆ ಬೆಂಗಳೂರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದ ಭವನವೇ ಎದ್ದಿತು. ಅಲ್ಲಿ ಸಾವಿರಕ್ಕೆ ಮೇಲ್ಪಟ್ಟು ಜನರು ಕುಳಿತುಕೊಳ್ಳಬಹುದು. ಅಷ್ಟು ಜನರಿಗೆ ಕೇಳಿಸಬೇಕಾದರೆ ಯಂತ್ರದ ಸಹಾಯ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಾಲ್ವತ್ತು ಜನರ ಹಜಾರಕ್ಕೂ ಅದೇ ಯಂತ್ರವೇಕೆ?

ವೀಣೆಯನ್ನೇ ನೋಡಿರಿ. ತಂತಿಯನ್ನು ಒಮ್ಮೆ ಮೀಟಿ, ಎಡಗೈಯಿಂದ ಎಳೆದು, ಆ ಒಂದೇ ಮೀಟಿನಲ್ಲಿ ಎರಡು ಮೂರು ಸ್ವರಗಳನ್ನು ನುಡಿಸುವರು. ಕೊನೆಯ ಸ್ವರವು ಬರುವ ವೇಳೆಗೆ ನಾದವು ಕ್ಷೀಣಿಸಿರುತ್ತದೆ. ಆ ಕ್ಷೀಣಸ್ವರದಲ್ಲಿಯೇ ರಾಗದ ಜೀವವಿರುವುದು. ಹತ್ತಿರ ಕುಳಿತವನಿಗೆ ಅದು ದೊರೆಯುತ್ತದೆ. ಧ್ವನಿವರ್ಧಕದ ಗುಂಯ್‌ಗುಟ್ಟುವಿಕೆಯಲ್ಲಿ ಅದು ಅಡಗಿಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಮಂದಿರದಲ್ಲಿ ನಾವು ಈ ಕಷ್ಟವನ್ನು ಅನುಭವಿಸಿದೆವು. ಶ್ರೋತೃಗಳು ಮೂವತ್ತು ಮಂದಿ. ಇಕ್ಕೆಲಗಳಲ್ಲಿಯೂ ಆಳೆತ್ತರದ ಪೆಟ್ಟಿಗೆಗಳು. ಮೃದಂಗದ ಪೆಟ್ಟು ಎದೆಗೆ ಬಡಿಯುತ್ತಿದ್ದಿತೇ ಹೊರತು ಕಿವಿಗೆ ಹಿತವಾಗಲಿಲ್ಲ. ಸ್ವಲ್ಪ ತಗ್ಗಿಸಿರೆಂದು ಕೇಳಿದುದಕ್ಕೆ, ಬೀದಿಯ ಕೊನೆಗೂ ಕೇಳಿಸಬೇಡವೆ ಎಂಬ ಉತ್ತರ ಬಂದಿತು. ಅಷ್ಟರಲ್ಲಿ ದೀಪ ಹೋಯಿತು, ಪೆಟ್ಟಿಗೆಗಳೂ ಮೂಕವಾದುವು. ಗಾಯಕಿಯು ಹಾಡನ್ನು ನಿಲ್ಲಿಸಲಿಲ್ಲ. ಯಾರೋ ದೇವರ ನಂದಾದೀಪವನ್ನು ಮುಂದಕ್ಕೆ ಸರಿಸಿದರು. ನಾವೆಲ್ಲರೂ ಚಾಪೆಯನ್ನು ಎಳೆದುಕೊಂಡು ಹತ್ತಿರವಾದೆವು. ತಂಬೂರಿ ಆಗಲೇ ನಮಗೆ ಮೊದಲು ಕೇಳಿಸಿದುದು! ಆಕೆ ಉಸಿರೆಳೆದುಕೊಳ್ಳುವುದು, ಪಿಟೀಲಿನವರು ಆಕೆಯ ಮುಖವನ್ನೇ ನೋಡುತ್ತ ಮುಂದಿನ ಸಂಗತಿಗೆ ಕಾದಿರುವುದು, ಎಲ್ಲವೂ ತಿಳಿಯುತ್ತಿದ್ದಿತು. ಅರ್ಧ ಗಂಟೆಯ ತರುವಾಯ ದೀಪ ಬಂದಾಗ ಸಂತೋಷಪಟ್ಟವರು ಸ್ವಲ್ಪವೇ ಮಂದಿ.

ಇಂತಹ ಕಛೇರಿಗಳು ಬಡಾವಣೆಯ ನಾಲ್ಕಾರು ಜನರ ಓಡಾಟದಿಂದ ನಡೆಯತಕ್ಕವು. ಟಿಕೇಟಿಲ್ಲ, ವಿದ್ವಾಂಸರ ಸಂಭಾವನೆ ತಟ್ಟೆಯಲ್ಲಿ ಬಿದ್ದ ಕಾಣಿಕೆಯಿಂದಲೇ ಬರಬೇಕು. ಮುಂದಿನ ಚಾಪೆ ಬರಿದಾಗಿದ್ದರೆ ಕಾರ್ಯಕರ್ತರ ಉತ್ಸಾಹವೂ ಬರಿದಾಗುವುದು, ಮರುವರ್ಷ ಹಾಡಿಕೆಯೇ ಇಲ್ಲವಾಗುವುದು. ಹೀಗೆ ನಿಂತುಹೋದ ಮಂದಿರಗಳನ್ನು ನಾವು ಕಂಡಿದ್ದೇವೆ.

ಆದುದರಿಂದ ಈ ಚೈತ್ರದಲ್ಲಿ ಮನೆಯ ಸಮೀಪದ ಮಂದಿರದ ಬಾಗಿಲಿಗೆ ಅಂಟಿಸಿದ ಕಾರ್ಯಕ್ರಮದ ಪಟ್ಟಿಯನ್ನು ಒಮ್ಮೆ ಓದಿರಿ. ವರ್ಣ ಆರಂಭವಾಗುವ ಮೊದಲೇ ಹೋಗಿರಿ. ಮಕ್ಕಳನ್ನು ಮೃದಂಗದವರ ಬೆರಳುಗಳು ಕಾಣುವೆಡೆ ಕೂರಿಸಿರಿ. ಪಲ್ಲವಿಯ ಹೊತ್ತಿಗೆ ಮಡಿಲಲ್ಲಿ ನಿದ್ದೆಹೋದರೂ ಬಾಧಕವಿಲ್ಲ. ತನಿ ಆವರ್ತನವಾಗುವಾಗ ಕಾಫಿಗೆ ಏಳುವ ಮಹನೀಯರಿಗೆ ಮಾತ್ರ ನಮ್ಮದೊಂದು ವಿನಂತಿ: ಆ ಕಲಾವಿದರು ಎರಡು ಗಂಟೆಯ ಕಾಲ ಇತರರಿಗಾಗಿ ನುಡಿಸಿ ಈಗ ತಾನೇ ತಮ್ಮ ಸರದಿಯನ್ನು ಪಡೆದಿರುವರು. ಕಾರ್ಯದರ್ಶಿಗಳ ಪರಿಚಯವಿದ್ದಲ್ಲಿ ಧ್ವನಿವರ್ಧಕದ ಮಾತನ್ನೂ ಮುಂಚಿತವಾಗಿಯೇ ಆಡಿಡಿರಿ. ಚಾಪೆ ಸಾಲದೆಂದು ತೋರಿದರೆ ಮನೆಯದೊಂದನ್ನು ಸುತ್ತಿಕೊಂಡು ಹೋಗಬಹುದು.